ಪತ್ರಿಕೆಗೆ ಹಣ ಯಾರದು, ಹಗ್ಗ ಯಾರದು?

(ನಮ್ಮ ವಾರಪತ್ರಿಕೆಯ ಚಂದಾದಾರರ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ. ಸಭೆಗೆ ಬರಲಾಗದ ಓದುಗರ ಅಪೇಕ್ಷೆಯಂತೆ ಇಲ್ಲಿ ಅಚ್ಚು ಮಾಡಿದೆ.)



ನಿಮ್ಮಲ್ಲಿ ಹಲವರು ಒಂದು ಸುದ್ದಿಯನ್ನು ಕಿವಿಗೆ ಹಾಕಿಕೊಂಡೇ ಈ ಸಭೆಗೆ ಬಂದಿದ್ದೀರಿ. ದೊಡ್ಡ ನಗರದ ಒಂದು ಧರ್ಮನಿಧಿಯವರು ನಮ್ಮ ಪತ್ರಿಕೆಗೆ ಮೂರು ವರ್ಷಗಳ ಮಟ್ಟಿಗೆ ಇಬ್ಬರು ವರದಿಗಾರರ ಸಂಬಳ ಕೊಡಲು ಮುಂದೆ ಬಂದಿದ್ದಾರೆ ಎಂಬುದೇ ಆ ಸುದ್ದಿ. ಅವರ ಕಾಗದ ಬಂದಿರುವುದು ನಿಜ. ಅದರಲ್ಲಿ ಒಂದು ಷರತ್ತಿರುವುದೂ ನಿಜ. ಪತ್ರಿಕೆ ಪಕ್ಷದಿಂದ ಬೇರೆಯಾಗಬೇಕು, ಚುನಾವಣೆಯಲ್ಲಿ ಯಾರ ಪರವಾಗಿಯೂ ಮತ ಕೇಳಬಾರದು ಎಂದು ಅವರು ಬರೆದಿದ್ದಾರೆ.

ಇದರ ಮೇಲೆ ನಮ್ಮಲ್ಲಿ ಎರಡು ಪಂಗಡಗಳೇ ಆಗಿವೆ. ತರುಣ ಸಂಗಾತಿಗಳು, "ಬರುವ ಲಕ್ಷ್ಮಿಯನ್ನು ಕಾಲಿನಿಂದ ಒದೆಯುವುದು ಯಾವ ಸಮಾಜವಾದ?" ಎಂದು ಕೇಳುತ್ತಾರೆ. ಹಿರಿಯರು, "ಶ್ರೀಮಂತರ ಅನ್ನ ಉಂಡವನು ಶ್ರೀಮಂತರ ಮುಂದೆ ಬಾಯಿ ತೆರೆಯಬಲ್ಲನೆ?" ಎಂದು ಕೇಳುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದುದರಿಂದ ಈ ವಿಷಯವನ್ನು ಕಾರ್ಯಕಾರಿ ಸಮಿತಿಯ ನಾಲ್ಕು ಗೋಡೆಯೊಳಗೆ ತೀರ್ಮಾನಿಸದೆ ನಿಮ್ಮ ಮುಂದೆ ಇಡಬೇಕೆಂದು ನಾವು ಬಯಸಿದೆವು. ಚಂದಾ ಕೊಟ್ಟು ಪತ್ರಿಕೆಯನ್ನು ಇಲ್ಲಿಯವರೆಗೆ ಸಾಕಿದವರು ನೀವು.

ಮೊದಲಿಗೆ, ಊರಿನ ಪತ್ರಿಕೆ ಏಕೆ ಬೇಕು ಎಂಬ ಪ್ರಶ್ನೆ. ಈಗ ಪ್ರತಿಯೊಬ್ಬರ ಕೈಯಲ್ಲೂ ಫೋನಿದೆ. ಅಮೆರಿಕದ ಅಧ್ಯಕ್ಷರು ಬೆಳಿಗ್ಗೆ ಏನು ಹೇಳಿದರೆಂಬುದು ಮಧ್ಯಾಹ್ನದೊಳಗೆ ನಮ್ಮ ಸಂತೆಯಲ್ಲಿ ಗೊತ್ತಾಗುತ್ತದೆ. ಆದರೆ ನಮ್ಮ ತಾಲ್ಲೂಕು ಕಚೇರಿಯಲ್ಲಿ ಬಗರ್‌ಹುಕುಂ ಅರ್ಜಿಗಳು ಯಾವ ಕಪಾಟಿನಲ್ಲಿ ಕೊಳೆಯುತ್ತಿವೆ ಎಂಬುದು ಆ ಫೋನಿನಲ್ಲಿ ಬರುವುದಿಲ್ಲ. ಹಾಸ್ಟೆಲಿನ ಮಕ್ಕಳ ಪಾಲಿನ ಬೇಳೆ ಎಷ್ಟು, ತಟ್ಟೆಗೆ ಬಿದ್ದದ್ದೆಷ್ಟು ಎಂಬುದೂ ಬರುವುದಿಲ್ಲ. 1951ರಲ್ಲಿ ಸಾಗರ ಸೀಮೆಯ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಆ ಜಗಳದ ಬುಡದಲ್ಲಿದ್ದದ್ದು ಗೇಣಿಯ ಭತ್ತ ಅಳೆಯುವ ಕೊಳಗ. ಕೊಡುವಾಗ ಒಂದು ಕೊಳಗ, ತೆಗೆದುಕೊಳ್ಳುವಾಗ ಇನ್ನೊಂದು ಕೊಳಗ ಏಕೆಂಬುದು ಪ್ರಶ್ನೆ. ಕೊಳಗದ ಗಾತ್ರ ರಾಜಧಾನಿಗೆ ಸುದ್ದಿಯಲ್ಲ. ಅಳೆಸಿಕೊಳ್ಳುವವನಿಗೆ ಅದೇ ಜೀವನ. ಊರಿನ ಪತ್ರಿಕೆಯ ಕೆಲಸ ಕೊಳಗವನ್ನು ಅಳೆದು ನೋಡುವುದು.

ನಾವು ಮೇಷ್ಟರಾಗಿದ್ದ ಕಾಲದ ಒಂದು ಸಂಗತಿ ನೆನಪಾಗುತ್ತದೆ. ಶಾಲೆಯ ಮಾಡು ಸೋರುತ್ತಿತ್ತು. ಎರಡು ಮಳೆಗಾಲ ಮಕ್ಕಳನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸುತ್ತ ಪಾಠ ಮಾಡಿದೆವು. ಮೂರು ಅರ್ಜಿ ಬರೆದೆವು, ಮೂರಕ್ಕೂ ಉತ್ತರವಿಲ್ಲ. ಕೊನೆಗೆ ಜಿಲ್ಲೆಯ ಒಂದು ಸಣ್ಣ ಪತ್ರಿಕೆಯ ವರದಿಗಾರ ಬಸ್ಸಿನಲ್ಲಿ ಬಂದು, ಕೊಡೆ ಬಿಚ್ಚಿಕೊಂಡು ತರಗತಿಯಲ್ಲಿ ಕುಳಿತು ನೋಡಿ ಹೋದ. ಎರಡು ಅಂಗುಲದ ಸುದ್ದಿ ಬಂತು. ಮೂರು ಅರ್ಜಿಗೆ ಬಾರದ ಇಂಜಿನಿಯರು ಎರಡು ಅಂಗುಲದ ಸುದ್ದಿಗೆ ಬಂದರು. ಆ ಪತ್ರಿಕೆ ಈಗಿಲ್ಲ. ಆ ವರದಿಗಾರ ಈಗ ವಿಮಾ ಕಂಪನಿಯ ಏಜೆಂಟನಾಗಿದ್ದಾನೆ. ಈಗ ಯಾವುದಾದರೂ ಶಾಲೆಯ ಮಾಡು ಸೋರಿದರೆ ಕೊಡೆ ಹಿಡಿದುಕೊಂಡು ಬರುವವರು ಯಾರು? ಇಂದಿನ ಸಭೆಯ ಪ್ರಶ್ನೆ ಇಷ್ಟೇ.

ಇಂಥ ಪತ್ರಿಕೆ ಹೇಗೆ ಸಾಯುತ್ತದೆ ಎಂಬುದನ್ನೂ ನೋಡೋಣ. ಪತ್ರಿಕೆಗೆ ಹಣ ಬರುವುದು ಮುಖ್ಯವಾಗಿ ಮೂರು ದಾರಿಯಲ್ಲಿ: ಓದುಗರ ಚಂದಾ, ವರ್ತಕರ ಜಾಹೀರಾತು, ಸರಕಾರದ ಜಾಹೀರಾತು. ನಮ್ಮ ಚಂದಾ ಹಣ ಕಾಗದಕ್ಕೂ ಅಂಚೆಗೂ ಸರಿಹೋಗುತ್ತದೆ. ಅಚ್ಚಿನ ಕೂಲಿಗೆ ತಡಕಾಡಬೇಕು. ವರದಿಗಾರನ ಕೈಗೆ ಹಾಕಲು ಏನೂ ಉಳಿಯುವುದಿಲ್ಲ. ಬಟ್ಟೆ ಅಂಗಡಿಯವರ, ಕಲ್ಯಾಣ ಮಂಟಪದವರ, ಟ್ಯುಟೋರಿಯಲ್‌ನವರ ಜಾಹೀರಾತು ಹಿಂದೆ ಊರಿನ ಪತ್ರಿಕೆಗೆ ಬರುತ್ತಿತ್ತು. ಈಗ ಅದರ ಬಹುಭಾಗ ಫೋನಿನ ಮೂಲಕ ಗೂಗಲ್, ಫೇಸ್‌ಬುಕ್ ಎಂಬ ಪರದೇಶದ ಕಂಪನಿಗಳಿಗೆ ಹೋಗುತ್ತಿದೆ. ಉಳಿದದ್ದು ಸರಕಾರದ ಜಾಹೀರಾತು. ಅದನ್ನು ಕೊಡುವ ಕೈಯೇ ತಡೆಹಿಡಿಯುವ ಕೈ. ಸರಕಾರವನ್ನು ಟೀಕಿಸಿದ ವಾರ ಬಿಲ್ಲು ಪಾಸಾಗದೆ ಕೂತದ್ದನ್ನು ಸಣ್ಣ ಪತ್ರಿಕೆ ನಡೆಸಿದವರೆಲ್ಲ ಕಂಡಿದ್ದಾರೆ.

ಈ ರೋಗ ನಮ್ಮ ಜಿಲ್ಲೆಗೆ ಮಾತ್ರ ಬಂದದ್ದಲ್ಲ. ಜಗತ್ತಿನ ಅತ್ಯಂತ ಶ್ರೀಮಂತ ದೇಶವೆನಿಸಿದ ಅಮೆರಿಕದಲ್ಲಿ 2005ರಿಂದ 2024ರವರೆಗೆ 3,200ಕ್ಕೂ ಹೆಚ್ಚು ಪತ್ರಿಕೆಗಳು ನಿಂತುಹೋದವೆಂದು ಅಲ್ಲಿನ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದ್ದಾರೆ. ಅವುಗಳಲ್ಲಿ ಹೆಚ್ಚಿನವು ಸಣ್ಣ ಊರಿನ ವಾರಪತ್ರಿಕೆಗಳು.

ಪತ್ರಿಕೆ ಇಲ್ಲದ ಊರಿನಲ್ಲಿ ಏನಾಗುತ್ತದೆ? ಕ್ಯಾಲಿಫೋರ್ನಿಯಾದಲ್ಲಿ ಬೆಲ್ ಎಂಬ ಒಂದು ಪಟ್ಟಣವಿದೆ. ಕೂಲಿನಾಲಿ ಮಾಡುವವರೇ ಹೆಚ್ಚಾಗಿರುವ, ಸುಮಾರು 35,000 ಜನರ ಊರು. ಅಲ್ಲಿನ ಪುರಸಭೆಯ ಸಭೆಗಳಿಗೆ ಹೋಗಿ ಕೂರುವ ವರದಿಗಾರರೇ ಇರಲಿಲ್ಲ. 2010ರಲ್ಲಿ ಲಾಸ್ ಏಂಜಲೀಸಿನ ದೊಡ್ಡ ಪತ್ರಿಕೆಯವರು ಹೋಗಿ ಕಡತ ಬಿಚ್ಚಿಸಿ ನೋಡಿದರೆ, ಆ ಪುಟ್ಟ ಊರಿನ ಮುಖ್ಯಾಧಿಕಾರಿ ವರ್ಷಕ್ಕೆ ಸುಮಾರು 8 ಲಕ್ಷ ಡಾಲರು ಸಂಬಳ ಬರೆದುಕೊಳ್ಳುತ್ತಿದ್ದ. ಅದು ದೇಶದ ಅಧ್ಯಕ್ಷರ ಸಂಬಳದ ಹೆಚ್ಚುಕಡಿಮೆ ಎರಡರಷ್ಟು! ಕೊನೆಗೆ ಆತ ಜೈಲಿಗೆ ಹೋದ. ಆದರೆ ಅಷ್ಟು ವರ್ಷ ತೆರಿಗೆ ಕೊಟ್ಟವರು ಕೂಲಿಕಾರರು. ಇನ್ನೊಂದು ಸಂಗತಿ. ಪತ್ರಿಕೆ ಮುಚ್ಚಿದ ಮೇಲೆ ಅಲ್ಲಿನ ಸ್ಥಳೀಯ ಸರಕಾರಗಳು ಎತ್ತುವ ಸಾಲದ ಬಡ್ಡಿ ಏರುತ್ತದೆಂದು ಅಲ್ಲಿನ ಅರ್ಥಶಾಸ್ತ್ರಜ್ಞರು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೋರಿಸಿದರು. ಕಾವಲುಗಾರನಿಲ್ಲದ ಮನೆಗೆ ಸಾಲ ಕೊಡುವವನು ಹೆಚ್ಚು ಬಡ್ಡಿ ಕೇಳುತ್ತಾನೆ. ಪತ್ರಿಕೆಗೆ ಚಂದಾ ಕೊಡದೆ ಉಳಿಸಿದ ಹಣವನ್ನು ಜನ ತೆರಿಗೆಯಲ್ಲಿ ತೆತ್ತರು.

ಹಾಗಾದರೆ ಪತ್ರಿಕೆಗೆ ದಾನ ತೆಗೆದುಕೊಳ್ಳುವುದು ಹೊಸ ಪದ್ಧತಿಯೇ? ಇಲ್ಲ. ಕನ್ನಡದ ಮೊದಲ ಪತ್ರಿಕೆಯೇ ಧರ್ಮದ ಹಣದಲ್ಲಿ ಹುಟ್ಟಿತು. 1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ ಅವರು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದಾಗ ಅವರ ಹಿಂದೆ ಇದ್ದದ್ದು ಬಾಸೆಲ್ ಮಿಷನ್; ಮಿಷನ್ನಿನ ಹಿಂದೆ ಇದ್ದದ್ದು ಯೂರೋಪಿನ ಭಕ್ತರ ಕಾಣಿಕೆ. ಪತ್ರಿಕೆ ಮರುವರ್ಷ ಬಳ್ಳಾರಿಗೆ ಹೋಯಿತು, ಹೆಚ್ಚು ಕಾಲ ಬಾಳಲಿಲ್ಲ. ಆದರೂ ಜುಲೈ 1ನ್ನು ನಾವು ಇಂದಿಗೂ ಪತ್ರಿಕಾ ದಿನವೆಂದು ಆಚರಿಸುತ್ತೇವೆ.

ಗಾಂಧೀಜಿಯವರು ದಕ್ಷಿಣ ಆಫ್ರಿಕದಲ್ಲಿ 'ಇಂಡಿಯನ್ ಒಪಿನಿಯನ್' ನಡೆಸಿದರು. ಒಂದು ಕಾಲಕ್ಕೆ ತಿಂಗಳಿಗೆ 75 ಪೌಂಡು ಕೈಯಿಂದ ಹಾಕಬೇಕಾಗಿ ಬಂತೆಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಮುಂದೆ ಅವರು ಅದರಲ್ಲಿ ಜಾಹೀರಾತನ್ನೇ ನಿಲ್ಲಿಸಿಬಿಟ್ಟರು. ನಮ್ಮ ನಾಡಿನಲ್ಲೇ 1980ರಲ್ಲಿ ಹೊರಟ 'ಲಂಕೇಶ್ ಪತ್ರಿಕೆ' ಜಾಹೀರಾತನ್ನು ಮುಟ್ಟದೆ ಓದುಗನ ಕಾಸಿನಲ್ಲೇ ನಿಂತು ಸರಕಾರಗಳನ್ನು ನಡುಗಿಸಿತು. ಓದುಗನ ಕಾಸಿಗೆ ಸಮನಾದ ಹಣ ಇನ್ನೊಂದಿಲ್ಲ ಎಂಬುದು ನಮ್ಮ ನಂಬಿಕೆ. ಆದರೆ ಆ ಪತ್ರಿಕೆಗೆ ಓದುಗರು ಇಡೀ ರಾಜ್ಯದಲ್ಲಿದ್ದರು. ನಾಲ್ಕಾರು ತಾಲ್ಲೂಕಿನ ಪತ್ರಿಕೆಗೆ ಅಷ್ಟು ಓದುಗರು ಎಲ್ಲಿಂದ ಬರಬೇಕು? ಮಾಡು ಸೋರುವ ಶಾಲೆಯ ಸುದ್ದಿಗೆ ರಾಜ್ಯಾದ್ಯಂತ ಗಿರಾಕಿಗಳಿರುವುದಿಲ್ಲ. ಆದುದರಿಂದಲೇ ದಾನದ ಪ್ರಶ್ನೆ ಬರುತ್ತದೆ.

ಈಗ ಕಾನೂನು ಏನು ಹೇಳುತ್ತದೆ ಎಂಬುದನ್ನು ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಇದರಲ್ಲಿ ನಮ್ಮ ಕರ್ನಾಟಕದ ಹೆಸರೂ ಇದೆ.

ಲಾಹೋರಿನಲ್ಲಿ 1881ರಲ್ಲಿ ಸರ್ದಾರ್ ದಯಾಳ್ ಸಿಂಗ್ ಮಜೀಠಿಯಾ ಎಂಬ ಮಹನೀಯರು 'ಟ್ರಿಬ್ಯೂನ್' ಪತ್ರಿಕೆಯನ್ನು ಆರಂಭಿಸಿದರು. 1898ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆ ನೆಂಟರಿಷ್ಟರ ಪಾಲಾಗಲಿಲ್ಲ. ಅವರ ಉಯಿಲಿನಂತೆ ಒಂದು ಟ್ರಸ್ಟಿನ ಪಾಲಾಯಿತು. ಬಂದ ಲಾಭ ಪತ್ರಿಕೆಯ ಏಳಿಗೆಗೇ ಹೋಗತಕ್ಕದ್ದು ಎಂದು ಅದರಲ್ಲಿತ್ತು. ತೆರಿಗೆ ಇಲಾಖೆಯವರು ತೆರಿಗೆ ಕೇಳಿದರು. ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ಪ್ರಾಂತಕ್ಕೆ ಒಂದು ಸ್ವತಂತ್ರ ಪತ್ರಿಕೆಯನ್ನು ಒದಗಿಸುವುದು ಸಾರ್ವಜನಿಕರಿಗೆ ಉಪಯುಕ್ತವಾದ ಧರ್ಮಕಾರ್ಯವೇ ಎಂದು 1939ರಲ್ಲಿ ತೀರ್ಪಾಯಿತು. ಹೀಗೆ ಹೇಳಿದ್ದು ಬ್ರಿಟಿಷರ ಕಾಲದ ನ್ಯಾಯಾಲಯ ಎಂಬುದನ್ನು ಗಮನದಲ್ಲಿಡಿ.

ಸ್ವಾತಂತ್ರ್ಯ ಬಂತು. 1961ರ ಆದಾಯ ತೆರಿಗೆ ಕಾಯಿದೆಯಲ್ಲಿ ಧರ್ಮಕಾರ್ಯದ ವಿವರಣೆಗೆ, ಲಾಭದ ಚಟುವಟಿಕೆ ಇರಕೂಡದು ಎಂಬ ಮಾತು ಸೇರಿತು. 'ಸಂಯುಕ್ತ ಕರ್ನಾಟಕ'ವನ್ನು ನಡೆಸುತ್ತಿದ್ದ ಲೋಕಶಿಕ್ಷಣ ಟ್ರಸ್ಟಿನವರು ತಮ್ಮದು ಜನರ ಶಿಕ್ಷಣದ ಕೆಲಸ, ಆದ್ದರಿಂದ ವಿನಾಯಿತಿ ಸಲ್ಲಬೇಕು ಎಂದು ವಾದಿಸಿದರು. 1975ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಶಿಕ್ಷಣವೆಂದರೆ ಕ್ರಮಬದ್ಧವಾಗಿ ಕಲಿಸುವ ಶಾಲೆಯ ಶಿಕ್ಷಣ. ಪತ್ರಿಕೆ ಓದಿ ತಿಳಿಯುವುದು ಆ ಅರ್ಥದ ಶಿಕ್ಷಣವಲ್ಲ. ಮೇಲಾಗಿ ಇಲ್ಲಿ ಲಾಭದ ವ್ಯವಹಾರವಿದೆ ಎಂದಿತು. ಶಾಲೆಯಲ್ಲಿ ಮಕ್ಕಳಿಗೆ ದಿನವೂ ಪತ್ರಿಕೆ ಓದಿಸಿದ ಮೇಷ್ಟರಾಗಿ ನಮಗೆ ಈ ಮಾತು ಇಂದಿಗೂ ಒಗ್ಗುವುದಿಲ್ಲ. ಆದರೆ ನ್ಯಾಯಾಲಯ ಕಾಯಿದೆಯ ಅಕ್ಷರವನ್ನು ಓದಿತು. ಅಕ್ಷರವನ್ನು ಬದಲಿಸಬೇಕಾದದ್ದು ಲೋಕಸಭೆ.

ಮುಂದೆ ಕಾಯಿದೆ ಹಲವು ಸಲ ಬದಲಾಯಿತು, ಒಮ್ಮೆ ಸಡಿಲವಾಯಿತು, ಮತ್ತೆ ಬಿಗಿಯಾಯಿತು. 2015ರ ತಿದ್ದುಪಡಿಯಂತೆ ಇಂಥ ಸಂಸ್ಥೆಯ ವ್ಯಾಪಾರದ ಹುಟ್ಟುವಳಿ ಒಟ್ಟು ಹುಟ್ಟುವಳಿಯಲ್ಲಿ ನೂರಕ್ಕೆ 20ನ್ನು ಮೀರಬಾರದೆಂದಾಯಿತು. 2022ರ ಅಕ್ಟೋಬರ್ 19ರಂದು ಸುಪ್ರೀಂ ಕೋರ್ಟು ಕೊಟ್ಟ ದೊಡ್ಡ ತೀರ್ಪಿನಲ್ಲಿ ಅದೇ ಟ್ರಿಬ್ಯೂನ್ ಟ್ರಸ್ಟು ಮತ್ತೆ ಬಂತು. ಪತ್ರಿಕೆ ಸಾರ್ವಜನಿಕ ಉಪಯೋಗದ್ದೇ ಸರಿ, ಆದರೆ ಹಣ ಪಡೆದು ಹಾಕುವ ಜಾಹೀರಾತು ವ್ಯಾಪಾರವೇ, ಆದುದರಿಂದ ವಿನಾಯಿತಿ ಇಲ್ಲ ಎಂದಾಯಿತು. 1939ರಲ್ಲಿ ಗೆದ್ದ ಟ್ರಸ್ಟು 2022ರಲ್ಲಿ ಸೋತಿತು.

ಜಾಹೀರಾತು ಹಾಕದವರ ಗತಿಯಾದರೂ ನೆಟ್ಟಗಿದೆಯೆ? ಬೆಂಗಳೂರಿನಿಂದ ಕನ್ನಡದಲ್ಲಿ ಸರಕಾರಿ ಕಡತಗಳನ್ನು ಬಗೆದು ಬರೆಯುವ 'ದಿ ಫೈಲ್' ಎಂಬ ಸಂಸ್ಥೆಯ ಲಾಭರಹಿತ ಮಾನ್ಯತೆಯನ್ನು 2024ರ ಡಿಸೆಂಬರಿನಲ್ಲಿ ತೆರಿಗೆ ಇಲಾಖೆ ರದ್ದುಮಾಡಿತು. ಮರು ತಿಂಗಳು ದೆಹಲಿಯ 'ರಿಪೋರ್ಟರ್ಸ್ ಕಲೆಕ್ಟಿವ್' ಎಂಬ ವರದಿಗಾರರ ಕೂಟಕ್ಕೂ ಅದೇ ಆಯಿತು. ಸ್ವತಂತ್ರ ಪತ್ರಿಕೆಗಳಿಗೆ ಧನಿಕರ ದಾನವನ್ನು ಹಂಚಲೆಂದೇ 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಒಂದು ಪ್ರತಿಷ್ಠಾನದ ಕಚೇರಿಗೆ 2022ರ ಸೆಪ್ಟೆಂಬರಿನಲ್ಲಿ ತೆರಿಗೆ ಅಧಿಕಾರಿಗಳು ತಪಾಸಣೆಗೆ ಬಂದರು. ಪರದೇಶದ ದಾನವಂತೂ ನೋಂದಾಯಿತ ಪತ್ರಿಕೆಯ ಸಂಪಾದಕನಿಗೆ, ಮಾಲೀಕನಿಗೆ, ವರದಿಗಾರನಿಗೆ 2010ರ ಕಾಯಿದೆಯಂತೆ ನಿಷಿದ್ಧ. ದೊಡ್ಡ ಕಂಪನಿಗಳು ಲಾಭದ ನೂರಕ್ಕೆ 2ನ್ನು ಸಮಾಜಕ್ಕೆ ವೆಚ್ಚ ಮಾಡಬೇಕೆಂದು 2013ರ ಕಂಪನಿ ಕಾಯಿದೆ ಹೇಳುತ್ತದಲ್ಲ, ಆ ವೆಚ್ಚದ ಪಟ್ಟಿಯಲ್ಲಿ ಶಾಲೆ, ಆಸ್ಪತ್ರೆ, ಗಿಡ ನೆಡುವುದು ಎಲ್ಲ ಇದೆ, ಪತ್ರಿಕೆಯ ಹೆಸರಿಲ್ಲ. ಆ ಹಣಕ್ಕೆ ನಾವೇನೂ ಆಸೆಪಟ್ಟಿಲ್ಲ. ಗಣಿ ಕಂಪನಿಯ ಹಣದಲ್ಲಿ ಗಣಿಯ ಸುದ್ದಿ ಬರೆಯುವುದು ಹೇಗೆ?

ಅಮೆರಿಕದಲ್ಲಿ ಕಾನೂನು ಇಷ್ಟು ಬಿಗಿಯಾಗಿಲ್ಲ. ಅಲ್ಲಿ ಯೂಟಾ ರಾಜ್ಯದ 'ಸಾಲ್ಟ್ ಲೇಕ್ ಟ್ರಿಬ್ಯೂನ್' ಎಂಬ ಹಳೆಯ ದಿನಪತ್ರಿಕೆ 2019ರಲ್ಲಿ ಲಾಭರಹಿತ ಸಂಸ್ಥೆಯಾಗಿ ಮಾರ್ಪಟ್ಟಿತು. ಕೊಡುವವನಿಗೆ ತೆರಿಗೆಯಲ್ಲಿ ರಿಯಾಯಿತಿ ಸಿಕ್ಕಿತು, ಪತ್ರಿಕೆ ಬದುಕಿತು. ಆದರೆ ಬೆಲೆಯನ್ನೂ ತೆತ್ತಿತು. ಅಲ್ಲಿನ ಕಾನೂನಿನಂತೆ ಧರ್ಮಸಂಸ್ಥೆಯಾದದ್ದು ಯಾವ ಉಮೇದುವಾರನಿಗೂ ಮತ ಕೇಳುವಂತಿಲ್ಲ. ಪತ್ರಿಕೆ ಆ ಪದ್ಧತಿಯನ್ನು ಬಿಟ್ಟಿತು. 2020ರ ಕೊನೆಗೆ ದಿನವೂ ಅಚ್ಚಾಗುವುದೂ ನಿಂತಿತು.

2023ರಲ್ಲಿ 22 ಮಂದಿ ದಾನಿಗಳು ಕೂಡಿ, ಐದು ವರ್ಷದಲ್ಲಿ 50 ಕೋಟಿ ಡಾಲರನ್ನು ಊರೂರಿನ ಪತ್ರಿಕಾ ಕೆಲಸಕ್ಕೆ ಕೊಡುತ್ತೇವೆಂದು ಸಾರಿದರು. ದೊಡ್ಡ ಮೊತ್ತವೇ ಸರಿ. ಆದರೆ ದೊಡ್ಡ ಮೊತ್ತ ಪತ್ರಿಕೆಯನ್ನು ಉಳಿಸುತ್ತದೆಂಬ ಭರವಸೆ ಇದೆಯೆ? ಟೆಕ್ಸಾಸಿನ ಹ್ಯೂಸ್ಟನ್ ನಗರದಲ್ಲಿ ದೊಡ್ಡ ದೊಡ್ಡ ಪ್ರತಿಷ್ಠಾನಗಳು 2 ಕೋಟಿ ಡಾಲರು ಹಾಕಿ 'ಹ್ಯೂಸ್ಟನ್ ಲ್ಯಾಂಡಿಂಗ್' ಎಂಬ ಸುದ್ದಿಸಂಸ್ಥೆಯನ್ನು 2023ರಲ್ಲಿ ತೆರೆದವು. ಒಳ್ಳೆಯ ವರದಿಗಾರರು, ಒಳ್ಳೆಯ ಬರಹ. ಎರಡು ವರ್ಷ ತುಂಬುವ ಮೊದಲೇ, 2025ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ಮೊದಲ ದಾನ ಕರಗುವುದರೊಳಗೆ ಬೇರೆ ಆದಾಯ ಬೆಳೆಯಲಿಲ್ಲ. ಮೇಲಿನಿಂದ ಸುರಿದ ನೀರು ಬೇರಿಗಿಳಿಯುವ ಮೊದಲೇ ಆರಿತು.

ಇಷ್ಟನ್ನೂ ನೋಡಿದ ಮೇಲೆ ನಮಗೆ ತೋರುವುದನ್ನು ಹೇಳುತ್ತೇವೆ. ಹಣ ಎಲ್ಲಿಂದ ಬಂತು ಎಂದು ಕೇಳುವುದು ಒಳ್ಳೆಯದು. ಹಗ್ಗ ಯಾರ ಕೈಯಲ್ಲಿದೆ ಎಂದು ಕೇಳುವುದು ಅದಕ್ಕಿಂತ ಮುಖ್ಯ. ಜಾಹೀರಾತುದಾರನ ಹಗ್ಗವಿದೆ, ಸರಕಾರದ ಹಗ್ಗವಿದೆ, ದಾನಿಯ ಹಗ್ಗವಿದೆ. ಒಬ್ಬನೇ ದೊಡ್ಡ ದಾನಿ ಇದ್ದರೆ ಅವನು ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ. ಮುಂದಿನ ವರ್ಷದ ಹಣ ಬರುವುದೋ ಇಲ್ಲವೋ ಎಂಬ ಅಳುಕಿನಲ್ಲೇ ಸಂಪಾದಕನ ಪೆನ್ನು ತಾನಾಗಿ ಮೆಲ್ಲಗಾಗುತ್ತದೆ.

ಇನ್ನೊಂದು ಹಗ್ಗವಿದೆ. ಅದನ್ನು ಇಲ್ಲಿ ಹೇಳದಿದ್ದರೆ ನಾವು ಈ ವೇದಿಕೆಯ ಮೇಲೆ ನಿಲ್ಲಲು ಯೋಗ್ಯರಲ್ಲ. ಹೋದ ವರ್ಷ ಒಂದು ಗ್ರಾಮ ಪಂಚಾಯಿತಿಯ ಕುಡಿಯುವ ನೀರಿನ ಕಾಮಗಾರಿಯಲ್ಲಿ ಕೊಳವೆ ಹಾಕದೆಯೇ ಬಿಲ್ಲು ಆದ ಸುದ್ದಿಯನ್ನು ನಮ್ಮ ಓದುಗರೊಬ್ಬರು ಬರೆದು ಕಳಿಸಿದರು. ಗುತ್ತಿಗೆದಾರ ನಮ್ಮದೇ ಪಕ್ಷದ ಒಬ್ಬ ಸದಸ್ಯನ ಅಳಿಯ. ಚುನಾವಣೆ ಹತ್ತಿರದಲ್ಲಿತ್ತು. "ವಿಚಾರಿಸಿ ಹಾಕೋಣ" ಎಂದು ನಾವು ಆ ಕಾಗದವನ್ನು ಮೇಜಿನ ಖಾನೆಯಲ್ಲಿಟ್ಟೆವು. ವಿಚಾರಿಸಲೂ ಇಲ್ಲ, ಹಾಕಲೂ ಇಲ್ಲ. ಮೂರನೆಯ ವಾರ ಇನ್ನೊಂದು ಪತ್ರಿಕೆಯಲ್ಲಿ ಅದು ಬಂತು. ಕಾಗದ ಬರೆದ ಓದುಗರು ನಮ್ಮ ಮನೆಗೆ ಬಂದು, "ಮೇಷ್ಟ್ರೇ, ಸರಕಾರದ ಕೊಳಗ ಅಳೆಯುತ್ತೀರಿ, ನಿಮ್ಮ ಮನೆಯ ಕೊಳಗ ಅಳೆಯುವುದಿಲ್ಲವೆ?" ಎಂದು ಕೇಳಿ, ನೀರನ್ನೂ ಕುಡಿಯದೆ ಹೋದರು. ಆ ಊರಿನ ಹೆಂಗಸರು ಈಗಲೂ ಬಾವಿಗೆ ನಡೆದುಹೋಗುತ್ತಿದ್ದಾರೆ. ಅಂದು ನಮ್ಮ ಕೈ ಹಿಡಿದದ್ದು ಬಂಡವಾಳಶಾಹಿಯ ಹಗ್ಗವಲ್ಲ ಸಂಗಾತಿಗಳೆ, ನಮ್ಮದೇ ಪಕ್ಷದ ಹಗ್ಗ.

ಆದುದರಿಂದ ಧರ್ಮನಿಧಿಯವರ ಷರತ್ತಿಗೆ ನಾವು ಸಿಟ್ಟಾಗುವುದಿಲ್ಲ. ಪಕ್ಷದ ಪತ್ರಿಕೆಗೆ ಧರ್ಮದ ಹಣ ಸಲ್ಲದು ಎಂಬ ಅವರ ಮಾತು ಸರಿಯಾದದ್ದೇ. ಧರ್ಮದ ಹಣದಲ್ಲಿ ಮತ ಕೇಳುವುದು ದೇವಸ್ಥಾನದ ಹುಂಡಿಯಲ್ಲಿ ಚುನಾವಣೆ ನಡೆಸಿದಂತೆ. ಆದರೆ ಮುಖಪುಟದಿಂದ ಪಕ್ಷದ ಹೆಸರನ್ನು ಅಳಿಸಿ, ಒಳಗೊಳಗೆ ಪಕ್ಷದ ಪತ್ರಿಕೆಯಾಗಿಯೇ ಉಳಿದು ಹಣ ತೆಗೆದುಕೊಳ್ಳುವುದನ್ನು ನಾವು ಒಲ್ಲೆವು. ಅದು ಮೋಸ. ನಾವು ಸಮಾಜವಾದಿಗಳೆಂದು ಹೇಳಿಕೊಂಡೇ ಬರೆಯುತ್ತೇವೆ. ಓದುಗನೂ ಹಾಗೆಂದು ತಿಳಿದೇ ಓದುತ್ತಾನೆ. ಪತ್ರಿಕೆಗೆ ಬಂದ ಆ ಹಣವನ್ನು ಪತ್ರಿಕೆ ತೆಗೆದುಕೊಳ್ಳಬಾರದೆಂಬುದು ನಮ್ಮ ಮೊದಲ ಸೂಚನೆ.

ಹಾಗೆಂದು ಕೊಡೆ ಹಿಡಿದು ಬರುವ ವರದಿಗಾರನನ್ನು ಬಿಟ್ಟುಕೊಡೋಣವೆ? ಇಲ್ಲ. ಇಲ್ಲಿ ಅಮೆರಿಕದವರದೇ ಒಂದು ಪದ್ಧತಿ ನಮಗೆ ದಾರಿ ತೋರಿಸುತ್ತದೆ. 2008ರಲ್ಲಿ ಬರೆಯತೊಡಗಿದ 'ಪ್ರೋಪಬ್ಲಿಕಾ' ಎಂಬ ದಾನದ ಹಣದ ಸಂಸ್ಥೆ ತನ್ನ ವರದಿಗಳನ್ನು ಬೇರೆ ಪತ್ರಿಕೆಗಳೂ ಬಿಟ್ಟಿಯಾಗಿ ಅಚ್ಚು ಮಾಡಿಕೊಳ್ಳಲು ಬಿಡುತ್ತದೆ. ಊರಿನ ಕೆರೆಯಂತೆ, ಕಟ್ಟಿಸಿದವರು ಯಾರಾದರೇನು, ನೀರು ಎಲ್ಲರ ಗದ್ದೆಗೆ. ಪತ್ರಿಕೆ ಬೇರೆ, ವರದಿ ಬೇರೆ ಎಂದು ನಾವೂ ವಿಂಗಡಿಸಬಹುದು. ಅಭಿಪ್ರಾಯ ಪಕ್ಷದ್ದಿರಲಿ; ಅದರ ಖರ್ಚು ಪಕ್ಷದ್ದು, ಚಂದಾದಾರರದು. ಕೊಳಗವನ್ನು ಅಳೆಯುವ ಕೆಲಸ ಇಡೀ ಜಿಲ್ಲೆಯದು. ಅದರ ಖರ್ಚನ್ನು ಜಿಲ್ಲೆಯೇ ಹೊರಲಿ.

ಹೀಗಾಗಿ ನಮ್ಮ ಎರಡನೆಯ ಸೂಚನೆ: ಜಿಲ್ಲೆಗೊಂದು ವರದಿ ನಿಧಿಯನ್ನು ಸ್ಥಾಪಿಸೋಣ. ಅದು ಇಬ್ಬರು ವರದಿಗಾರರನ್ನು ಇಟ್ಟುಕೊಳ್ಳಲಿ. ಅವರು ತಾಲ್ಲೂಕು ಕಚೇರಿ, ಪಂಚಾಯಿತಿ, ಆಸ್ಪತ್ರೆ, ಹಾಸ್ಟೆಲು, ಮಾರುಕಟ್ಟೆ ಸಮಿತಿಗಳನ್ನು ಸುತ್ತಿ ಬರೆದದ್ದನ್ನು ಜಿಲ್ಲೆಯ ಎಲ್ಲ ಪತ್ರಿಕೆಗಳಿಗೂ ಬಿಟ್ಟಿಯಾಗಿ ಕೊಡಲಿ, ನಮ್ಮನ್ನು ದಿನವೂ ಬಯ್ಯುವ ಪತ್ರಿಕೆಗೂ ಕೊಡಲಿ. ಆ ನಿಧಿಯನ್ನು ನೋಡಿಕೊಳ್ಳುವವರಲ್ಲಿ ಯಾವ ಪಕ್ಷದ ಪದಾಧಿಕಾರಿಯೂ ಇರಬಾರದು, ನಾವೂ ಇರುವುದಿಲ್ಲ. ನಿವೃತ್ತ ಮೇಷ್ಟರು, ವಕೀಲರು, ರೈತರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಇರಲಿ. ಧರ್ಮನಿಧಿಯವರಿಗೆ ನಿಜವಾಗಿಯೂ ಮನಸ್ಸಿದ್ದರೆ ಹಣವನ್ನು ಅಲ್ಲಿಗೆ ಕೊಡಲಿ.

ನಿಧಿಗೆ ನಾಲ್ಕು ಕಟ್ಟುಪಾಡುಗಳು ಬೇಕು. ಒಂದು, ಯಾವ ಒಬ್ಬ ದಾನಿಯ ಹಣವೂ ವರ್ಷದ ಒಟ್ಟು ಹಣದಲ್ಲಿ ಐದನೆಯ ಒಂದು ಪಾಲನ್ನು ಮೀರಬಾರದು. ಧರ್ಮನಿಧಿಯವರು ಹೆಚ್ಚು ಕೊಡುತ್ತೇವೆಂದರೆ, ಉಳಿದ ನಾಲ್ಕು ಪಾಲನ್ನು ನಾವು ಎತ್ತಿದ ಮೇಲೆಯೇ ಅದನ್ನು ಪಡೆಯಬೇಕು. ಹೀಗೆ ಮಾಡಿದರೆ ಅವರು ಬಿಟ್ಟುಹೋದ ದಿನ ಮನೆ ಬೀಳುವುದಿಲ್ಲ; ಹ್ಯೂಸ್ಟನ್ನಿನ ಪಾಠ ಇದು. ಎರಡು, ಕೊಟ್ಟವರ ಹೆಸರು, ಕೊಟ್ಟ ಮೊತ್ತ ಎರಡೂ ಅಚ್ಚಾಗಬೇಕು. ಹೆಸರು ಹೇಳಲೊಲ್ಲದ ದೊಡ್ಡ ದಾನ ಬೇಡ. ಮೂರು, ಇಂಥದೇ ವಿಷಯ ಬರೆಯಿರಿ, ಇಂಥದು ಬರೆಯಬೇಡಿ ಎಂಬ ಷರತ್ತಿನ ಹಣ ಬೇಡ. ನಾಲ್ಕು, ಜಿಲ್ಲೆಯಲ್ಲಿ ಸರಕಾರಿ ಗುತ್ತಿಗೆ ಹಿಡಿದಿರುವವರಿಂದ ಒಂದು ಕಾಸೂ ಬೇಡ.

ತೆರಿಗೆ ವಿನಾಯಿತಿಗೆ ಅರ್ಜಿ ಹಾಕೋಣ. ಈ ನಿಧಿ ಜಾಹೀರಾತು ಹಾಕುವುದಿಲ್ಲವಾದ್ದರಿಂದ 2022ರ ತೀರ್ಪಿನ ತೊಡಕು ಇದಕ್ಕೆ ಬಾರದು. ಆದರೆ ಸಿಕ್ಕ ಮಾನ್ಯತೆಯನ್ನು ಒಂದು ಆಜ್ಞೆಯಿಂದ ಕಿತ್ತುಕೊಳ್ಳಬಹುದೆಂಬುದನ್ನು ಕನ್ನಡದ ಆ ಸಂಸ್ಥೆಯ ಅನುಭವ ತೋರಿಸಿದೆ. ಆದ್ದರಿಂದ ಮನೆಯ ಕಂಬವನ್ನು ವಿನಾಯಿತಿಯ ಮೇಲೆ ನಿಲ್ಲಿಸುವುದು ಬೇಡ. ತಿಂಗಳಿಗೆ ಹತ್ತಿಪ್ಪತ್ತು ರೂಪಾಯಿ ಕೊಡುವ ಕೂಲಿಕಾರ ತೆರಿಗೆಯ ರಿಯಾಯಿತಿ ಕೇಳುವುದಿಲ್ಲ. ಅವನ ರೂಪಾಯಿಯನ್ನು ಯಾವ ಅಧಿಕಾರಿಯೂ ರದ್ದುಮಾಡಲಾರ.

ಸರಕಾರದಿಂದ ಏನೂ ಕೇಳಬಾರದೆಂದಲ್ಲ. ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗುವ ಸಹಾಯವನ್ನು ಹಕ್ಕಿನಿಂದ ಕೇಳೋಣ. ನೋಂದಾಯಿತ ಪತ್ರಿಕೆಗೆ ಅಂಚೆಯಲ್ಲಿ ರಿಯಾಯಿತಿ ದರವಿದೆ. ಸರಕಾರವನ್ನು ಹೊಗಳಿದವನಿಗೆ ಒಂದು ದರ, ತೆಗಳಿದವನಿಗೆ ಒಂದು ದರ ಎಂದಿಲ್ಲ. ಅಮೆರಿಕದವರು 1792ರಲ್ಲೇ ಇಂಥ ಅಗ್ಗದ ಅಂಚೆಯನ್ನು ಪತ್ರಿಕೆಗಳಿಗೆ ಕಾಯಿದೆಯಿಂದ ಕೊಟ್ಟರು. ಊರಿನ ಸುದ್ದಿಯನ್ನು ಸಂಗ್ರಹಿಸುವ ಕೆಲಸ ಧರ್ಮಕಾರ್ಯವೆಂದು ಆದಾಯ ತೆರಿಗೆ ಕಾಯಿದೆಯಲ್ಲಿ ಸ್ಪಷ್ಟವಾಗಿ ಬರೆಯಬೇಕೆಂದು ಒತ್ತಾಯಿಸುವ ಗೊತ್ತುವಳಿಯನ್ನು ಈ ಸಭೆ ಅಂಗೀಕರಿಸಬೇಕೆಂದು ಕೋರುತ್ತೇವೆ. ಇದು ಮೂರನೆಯ ಸೂಚನೆ.

ಕೊನೆಯ ಸೂಚನೆ ನಮ್ಮ ಮೇಲೆ ನಾವೇ ಹಾಕಿಕೊಳ್ಳುವ ಕಟ್ಟು. ನಿಧಿಯ ವರದಿಗಾರರು ನಮ್ಮ ಪಕ್ಷದವರ ಬಗ್ಗೆ ಬರೆದದ್ದು ಏನಿದ್ದರೂ, ಅದು ಬಂದ ವಾರವೇ ಈ ಪತ್ರಿಕೆಯಲ್ಲಿ ಅಚ್ಚಾಗತಕ್ಕದ್ದು. ಮೇಜಿನ ಖಾನೆಗೆ ಅದು ಹೋಗಕೂಡದು. ಚುನಾವಣೆ ಹತ್ತಿರವಿದ್ದರಂತೂ ಖಂಡಿತ ಕೂಡದು. ಪಕ್ಷ ಈ ಪತ್ರಿಕೆಗೆ ವರ್ಷಕ್ಕೆ ಎಷ್ಟು ಕೊಡುತ್ತದೆಂಬುದೂ ಇನ್ನು ಮುಂದೆ ಅಚ್ಚಾಗಲಿ. ಕೆಲವು ಸಂಗಾತಿಗಳಿಗೆ ಇದು ರುಚಿಸಲಾರದು. ಆದರೆ ಇನ್ನೊಬ್ಬರ ಲೆಕ್ಕ ಕೇಳುವವನು ತನ್ನ ಲೆಕ್ಕವನ್ನು ಮೊದಲು ಬಿಚ್ಚಿಡಬೇಕು.

ನಾಲ್ಕು ಪಾಲು ಎತ್ತುವುದು ಸುಲಭವಲ್ಲ ಎಂಬುದು ನಮಗೆ ಗೊತ್ತು. ಹಿಡಿಯಕ್ಕಿ ಎತ್ತಿ ಚಳವಳಿ ನಡೆಸಿದವರ ಮಕ್ಕಳು, ಮೊಮ್ಮಕ್ಕಳು ಈ ಸಭೆಯಲ್ಲಿದ್ದೀರಿ. ಅಕ್ಕಿ ಕೊಟ್ಟವಳು ಚಳವಳಿಯನ್ನು ತನ್ನದೆಂದಳು. ದಾನಿಯ ಚೆಕ್ಕಿನಿಂದ ಬಂದ ಪತ್ರಿಕೆಯನ್ನು ಜನ ಓದಬಹುದು. ತಮ್ಮ ಹಿಡಿಯಕ್ಕಿಯಿಂದ ಬಂದ ಪತ್ರಿಕೆಯನ್ನು ಜನ ಕಾಯುತ್ತಾರೆ.

ಬಾಗಿಲ ಬಳಿ ಮೇಜಿನ ಮೇಲೆ ರಸೀದಿ ಪುಸ್ತಕವಿದೆ. ಈ ನಾಲ್ಕು ಸೂಚನೆಗಳನ್ನು ನ್ಯಾಯವೆಂದು ತಿಳಿದವರು ಹೋಗುವಾಗ ಹೆಸರು ಬರೆಸಿ ಹೋಗಿ. ಒಪ್ಪದವರು ಈಗಲೇ ಎದ್ದು ಮಾತಾಡಿ; ಅದನ್ನೂ ಮುಂದಿನ ವಾರ ಅಚ್ಚು ಮಾಡುತ್ತೇವೆ. ಆ ಪಂಚಾಯಿತಿಯ ನೀರಿನ ಕೊಳವೆಯ ಸುದ್ದಿಯನ್ನೂ, ಅದನ್ನು ನಾವು ಮುಚ್ಚಿಟ್ಟ ಸುದ್ದಿಯನ್ನೂ ಅದೇ ಸಂಚಿಕೆಯಲ್ಲಿ ಕೊಡುತ್ತೇವೆ.